ಪೀಠವೇರಿದ ಅಜೀತ್: ಬಣ್ಣಕ್ಕಿಂತ ಮೊದಲು ನೀರು

ಬಯಲಲ್ಲಿ ನಿಂತ ವಿಮಾನವನ್ನು ಕೊಲ್ಲುವುದು ಬಿಸಿಲಲ್ಲ, ಒಳಗೆ ನಿಂತ ನೀರು. ಬಿಸಿಲು ಬಣ್ಣ ತಿನ್ನುತ್ತದೆ, ಅದು ದಾರಿಹೋಕರಿಗೂ ಕಾಣುತ್ತದೆ. ಹಾಗಾಗಿ ಆಗಾಗ ಹೊಸ ಪೇಂಟ್ ಹೊಡೆಸುತ್ತಾರೆ. ಆ ಪೇಂಟೇ ಹೊಟ್ಟೆಯ ಕೆಳಗಿನ ಡ್ರೈನ್ ತೂತುಗಳನ್ನು ಮುಚ್ಚುತ್ತದೆ, ನೀರು ಒಳಗೇ ಉಳಿಯುತ್ತದೆ. ಕಂಬದ ಮೇಲೆ ಮೂತಿ ಎತ್ತಿ ನಿಲ್ಲಿಸಿದ್ದ ಒಂದು ಅಜೀತ್ ಯುದ್ಧವಿಮಾನಕ್ಕೆ ನಾವು ಮಾಡಿದ ಕೆಲಸದ ವಿವರ ಇಲ್ಲಿದೆ. ನ್ಯಾಟ್, ಕಿರಣ್, ಮಿಗ್-21 ಯಾವುದಿದ್ದರೂ ಕ್ರಮ ಹೆಚ್ಚುಕಡಿಮೆ ಇದೇ.

ಫಾಲಂಡ್ ನ್ಯಾಟ್ ಅನ್ನು ಮೊದಲು ಲೈಸೆನ್ಸ್ ಮೇಲೆ ಕಟ್ಟುತ್ತಿದ್ದ ಬೆಂಗಳೂರಿನ ಎಚ್‌ಎಎಲ್, ಅದನ್ನೇ ಸುಧಾರಿಸಿ ಅಜೀತ್ ಮಾಡಿತು. 1975ರಲ್ಲಿ ಮೊದಲ ಹಾರಾಟ, 1991ರಲ್ಲಿ ನಿವೃತ್ತಿ. ಉದ್ದ ಸುಮಾರು 9 ಮೀಟರ್, ರೆಕ್ಕೆಯ ಹರವು 6.7 ಮೀಟರ್. ರಿಪೇರಿ ಮಾಡುವವರಿಗೆ ಮುಖ್ಯವಾದ ಬದಲಾವಣೆ ಒಂದಿದೆ: ಅಜೀತ್‌ನ ರೆಕ್ಕೆಯೇ ಇಂಧನದ ಟ್ಯಾಂಕ್. ಸೀಲಂಟ್ ಹಾಕಿ ಬಿಗಿದ ಪೆಟ್ಟಿಗೆ ಅದು. ಮುಚ್ಚಳದ ರಬ್ಬರ್ ಒಣಗಿ ಬಿರಿದರೆ ಮಳೆನೀರು ಒಳಗೆ ಇಳಿಯುತ್ತದೆ, ಹೊರಬರಲು ದಾರಿಯಿಲ್ಲ. ಬಹಳ ಹಿಂದೆ ಖಾಲಿ ಮಾಡಿದ ಟ್ಯಾಂಕ್‌ನಲ್ಲೂ ಸೀಮೆಎಣ್ಣೆಯ ಆವಿ ಉಳಿದಿರಬಹುದು. ಆದ್ದರಿಂದ ಡ್ರಿಲ್ ಮುಟ್ಟುವ ಮೊದಲು ಎಲ್ಲ ಪ್ಯಾನೆಲ್ ಬಿಚ್ಚಿ, ಬ್ಲೋವರ್ ಹಚ್ಚಿ ಗಾಳಿಯಾಡಿಸಿ, ಗ್ಯಾಸ್ ಮೀಟರ್‌ನಲ್ಲಿ ನೋಡಬೇಕು.

ಅದಕ್ಕೂ ಮೊದಲು ಕಾಕ್‌ಪಿಟ್. ಎಜೆಕ್ಷನ್ ಸೀಟಿನ ಮತ್ತು ಕ್ಯಾನಪಿ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಹಾರಿಸುವ ಸಿಡಿಮದ್ದಿನ ಕಾರ್ಟ್‌ರಿಜ್‌ಗಳನ್ನು ತೆಗೆಯಲಾಗಿದೆ ಎಂಬ ಕಾಗದ ಕೈಯಲ್ಲಿಲ್ಲದಿದ್ದರೆ ಒಳಗೆ ಕಾಲಿಡಬೇಡಿ. ವಾಯುಪಡೆಯ ಶಸ್ತ್ರಾಸ್ತ್ರ ವಿಭಾಗದವರನ್ನು ಕರೆಸಿ ನೋಡಿಸಿ. ಹಳೆಯ ಡಯಲ್‌ಗಳ ಹೊಳೆಯುವ ಅಂಕಿಗಳಲ್ಲಿ ರೇಡಿಯಂ ಇರಬಹುದು. ಗೈಗರ್ ಕೌಂಟರ್ ಹಿಡಿದು ನೋಡುವವರೆಗೆ ಗಾಜು ಬಿಚ್ಚುವುದು, ಕೆರೆಯುವುದು ಬೇಡ.

ಈಗ ನೀರಿನ ವಿಷಯ. ವಿಮಾನ ತನ್ನ ಚಕ್ರದ ಮೇಲೆ ನಿಂತಾಗ ಯಾವ ಜಾಗ ತಗ್ಗೋ ಅಲ್ಲಿ ಕಾರ್ಖಾನೆಯವರು ಡ್ರೈನ್ ತೂತು ಇಟ್ಟಿರುತ್ತಾರೆ. ಕಂಬಕ್ಕೇರಿಸಿ ಮೂತಿ ಮೇಲೆ ಮಾಡಿ, ನೋಡಲು ಚೆಂದವೆಂದು ಎಡಕ್ಕೆ ವಾಲಿಸಿದ ಕೂಡಲೇ ತಗ್ಗು ಜಾಗಗಳೆಲ್ಲ ಬದಲಾಗುತ್ತವೆ. ನೀರು ಪ್ರತಿ ಖಾನೆಯಲ್ಲೂ ಹಿಂದಕ್ಕೆ ಹರಿದು, ಖಾನೆಗಳನ್ನು ಬೇರ್ಪಡಿಸುವ ಹಿಂದಿನ ಫ್ರೇಮ್‌ನ ಬುಡದಲ್ಲಿ ನಿಲ್ಲುತ್ತದೆ. ಅಜೀತ್‌ನ ರೆಕ್ಕೆ ಮೊದಲೇ ತುದಿಯ ಕಡೆ ಇಳಿಜಾರು. ಎಡಕ್ಕೆ ವಾಲಿಸಿದ ಮೇಲೆ ಎಡ ತುದಿಯ ಹಿಂಬದಿ ಮೂಲೆಯೇ ಅತ್ಯಂತ ತಗ್ಗು.

ಇದನ್ನು ಪತ್ತೆ ಹಚ್ಚಲು ದುಬಾರಿ ಸಲಕರಣೆ ಬೇಡ. ಫೋನಿಗೆ ಸಿಕ್ಕಿಸುವ 5.5 ಮಿ.ಮೀ. ಎಂಡೋಸ್ಕೋಪ್ ಕ್ಯಾಮೆರಾ ಸಾಕು. ರೆಕ್ಕೆಯ ತುದಿಯ ಲೈಟ್ ಬಿಚ್ಚಿ ಅಲ್ಲಿಂದ ಒಳಗೆ ತೂರಿಸಿದಾಗ ಕಂಡಿದ್ದು ಇದು: ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಯಾದ ಹಿಂದಿನ ಸ್ಪಾರ್‌ನ ಬುಡದಲ್ಲಿ ಎಲೆ, ಗುಬ್ಬಚ್ಚಿ ಗರಿ, ಕಣಜದ ಹುಳುವಿನ ಗೂಡಿನ ಮಣ್ಣು ಸೇರಿದ ಕೆಸರು, ಅದರ ಮೇಲೆ ನೀರು ನಿಂತಿದ್ದ ಮಟ್ಟದ ಬಿಳಿ ಗೆರೆ, ಗೆರೆಯ ಕೆಳಗೆ ಸ್ಪಾರ್‌ನ ಅಂಚು ಚಿರೋಟಿಯ ಹಾಗೆ ಪದರು ಪದರಾಗಿ ಬಿಚ್ಚಿಕೊಂಡಿತ್ತು. ಒತ್ತಿ ತೆಗೆದ ಗಟ್ಟಿ ಮಿಶ್ರಲೋಹದಲ್ಲಿ ಕಣಗಳು ಉದ್ದಕ್ಕೆ ಮಲಗಿರುತ್ತವೆ. ತುಕ್ಕು ಆ ಕಣಗಳ ನಡುವೆ ನುಗ್ಗಿ, ಉಬ್ಬಿ, ಪದರುಗಳನ್ನು ಎಬ್ಬಿಸುತ್ತದೆ. ಹೊರಗಡೆ ಇದರ ಸುಳಿವು ಸಾಲಾಗಿ ತಲೆ ಹಾರಿದ ರಿವೆಟ್‌ಗಳು. ಅವನ್ನು ಪುಟ್ಟಿ ಹಾಕಿ ಮುಚ್ಚಿದವರು ಬಹಳ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ, ತಲೆ ಹಾರಿದ ರಿವೆಟ್ ಎಂದರೆ ಒಳಗೆ ನೋಡು ಎಂಬ ಸೂಚನೆ.

ಹೊಸ ತೂತು 8 ಮಿ.ಮೀ. ಇರಲಿ. 6ಕ್ಕಿಂತ ಸಣ್ಣದಾದರೆ ನೀರು ಅಂಚಿಗೆ ಅಂಟಿ ನಿಲ್ಲುತ್ತದೆ, ಕಣಜ ಒಂದೇ ವಾರದಲ್ಲಿ ಮೆತ್ತಿಬಿಡುತ್ತದೆ. ಮೊದಲು 3 ಮಿ.ಮೀ. ಡ್ರಿಲ್, ಆಮೇಲೆ 8. ತೂತು ವಿಮಾನದ ಚರ್ಮದಲ್ಲಿ, ಎಂದರೆ ಹೊರಮೈಯ ಲೋಹದ ಹಾಳೆಯಲ್ಲಿ ಮಾತ್ರ, ಸ್ಪಾರ್‌ನಲ್ಲಾಗಲಿ ಫ್ರೇಮ್‌ನಲ್ಲಾಗಲಿ ಬೇಡ. ಹತ್ತಿರದ ರಿವೆಟ್‌ನಿಂದ ಕನಿಷ್ಠ 20 ಮಿ.ಮೀ. ದೂರ ಬಿಡಿ. ಅಂಚಿನ ಚೂರು ತೆಗೆದು ಪ್ರೈಮರ್ ಮುಟ್ಟಿಸಿ. ಏರ್ ಇನ್‌ಟೇಕ್ ಮತ್ತು ಜೆಟ್ ಪೈಪ್‌ಗೆ ಪ್ಲೈವುಡ್ ಬಡಿಯುವುದು ಸಾಮಾನ್ಯ, ಆದರೆ ಗಾಳಿ ನಿಂತರೆ ರಾತ್ರಿಯ ತೇವ ಒಳಗೇ ಬೆವರುತ್ತದೆ. 12 ಮಿ.ಮೀ. ಕಣ್ಣಿನ ಅಲ್ಯೂಮಿನಿಯಂ ಜಾಲರಿ ಹಾಕಿದರೆ ಹಕ್ಕಿ ನಿಲ್ಲುತ್ತದೆ, ಗಾಳಿ ಆಡುತ್ತದೆ.

ಎರಡನೇ ಶತ್ರು ಕಂಬದ ತಲೆಯಲ್ಲಿರುತ್ತದೆ. ಕಬ್ಬಿಣದ ಆಂಗಲ್ ನೇರವಾಗಿ ಹೊಟ್ಟೆಗೆ ತಾಗಿ, ನಡುವೆ ಸ್ಪಂಜಿನಂಥ ರಬ್ಬರ್ ಇದ್ದರೆ ಅದು ವರ್ಷವಿಡೀ ನೀರು ಹಿಡಿದಿರುತ್ತದೆ. ಕಬ್ಬಿಣ, ಅಲ್ಯೂಮಿನಿಯಂ, ನಡುವೆ ನೀರು: ಕರಗುವುದು ಅಲ್ಯೂಮಿನಿಯಂ. ಗ್ಯಾಲ್ವನೈಸ್ ಮಾಡಿ ಎಪಾಕ್ಸಿ ಬಳಿದ ಹೊಸ ಆಸರೆ, 6 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ, ಪ್ರತಿ ಬೋಲ್ಟ್‌ಗೂ ನೈಲಾನ್ ತೋಳು ಮತ್ತು ವಾಷರ್, ಮೇಲೆ ಪಾಲಿಸಲ್ಫೈಡ್ ಸೀಲಂಟ್. ಭಾರ ಫ್ರೇಮ್‌ನ ನೇರಕ್ಕೆ ಬೀಳಬೇಕು, ಬರೀ ಚರ್ಮದ ಮೇಲೆ ಬಿದ್ದರೆ ತಗ್ಗು ಬೀಳುತ್ತದೆ.

ಕೆಟ್ಟ ರಿವೆಟ್ ತೆಗೆಯುವಾಗ ತಲೆಯ ಆಳದವರೆಗೆ ಮಾತ್ರ ಕೊರೆದು, ಪಂಚ್‌ನಿಂದ ತಲೆ ಹಾರಿಸಿ, ಕಾಂಡವನ್ನು ತಳ್ಳಬೇಕು. ಪೂರ್ತಿ ಕೊರೆದರೆ ತೂತು ಅಗಲವಾಗುತ್ತದೆ. ಹಿಂದಿನಿಂದ ಕೈ ಹೋಗದ ಕಡೆ ಪಾಪ್ ರಿವೆಟ್ ಹಾಕಲೇಬೇಕಾಗುತ್ತದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದರ ಒಳಕಡ್ಡಿ ಉಕ್ಕಿನದು, ಒಂದೇ ಮಳೆಗಾಲಕ್ಕೆ ಕೆಂಪು ಕಣ್ಣೀರು ಸುರಿಸುತ್ತದೆ. ಒಳಕಡ್ಡಿಯೂ ಅಲ್ಯೂಮಿನಿಯಂ ಇರುವುದನ್ನೇ ಕೇಳಿ ತನ್ನಿ. ಸ್ಕ್ರೂಗಳು ಇಂಚಿನ ಅಳತೆಯವು, ಮೆಟ್ರಿಕ್ ಸ್ಕ್ರೂ ಬಲವಂತವಾಗಿ ತಿರುಗಿಸಿದರೆ ಒಳಗೆ ಕೂಡಿಸಿದ ಆಂಕರ್ ನಟ್ ಹೋಯಿತು.

ಯಾವುದಾದರೂ ಎರಕದ ಭಾಗ ಮೆಗ್ನೀಸಿಯಂ ಇರಬಹುದು ಅನಿಸಿದರೆ ಶುದ್ಧ ಮಾಡಿದ ಜಾಗಕ್ಕೆ ಒಂದು ಹನಿ ವಿನೆಗರ್ ಹಾಕಿ: ನೊರೆ ಬಂದರೆ ಮೆಗ್ನೀಸಿಯಂ. ಅದನ್ನು ಗ್ರೈಂಡರ್‌ನಲ್ಲಿ ಮುಟ್ಟಬೇಡಿ. ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕುವಂತಿಲ್ಲ, ಒಣ ಮರಳು ಪಕ್ಕದಲ್ಲಿರಲಿ.

ಹಳೆ ಬಣ್ಣ ತೆಗೆಯುವುದಕ್ಕೆ ಮೊದಲು ಗುರುತುಗಳನ್ನು ಉಳಿಸಿಕೊಳ್ಳಿ. ಅಂಗೈ ಅಗಲದ ಜಾಗದಲ್ಲಿ 400 ನಂಬರಿನ ನೀರು ಕಾಗದದಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಇಳಿಜಾರಾಗಿ ಉಜ್ಜಿದರೆ ಒಂದೊಂದು ಕಾಲದ ಬಣ್ಣವೂ ಉಂಗುರದಂತೆ ತೆರೆಯುತ್ತದೆ, ಕೊನೆಗೆ ಹಸಿರು ಮಿಶ್ರಿತ ಹಳದಿ ಪ್ರೈಮರ್. ಸೇವೆಯಲ್ಲಿದ್ದಾಗಿನ ಬಣ್ಣ ಆ ಪ್ರೈಮರ್‌ಗೆ ಅತಿ ಹತ್ತಿರದ ಉಂಗುರಗಳಲ್ಲಿದೆ. ಸೀರಿಯಲ್ ನಂಬರ್, ಎಚ್ಚರಿಕೆಯ ಅಕ್ಷರ ಸಿಕ್ಕರೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಟ್ರೇಸಿಂಗ್ ಹಾಳೆಗೆ ಇಳಿಸಿ. ವಾಯುಪಡೆಯ ವೃತ್ತದ ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದನ್ನು ತಿರುಗಮುರುಗ ಬರೆದ ವಿಮಾನ ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಆ ಪ್ರೈಮರ್‌ನಲ್ಲಿ ಕ್ರೋಮೇಟ್ ಇದೆ, ಕ್ಯಾನ್ಸರ್ ತರುವ ವಸ್ತು. ಒಣದಾಗಿ ಉಜ್ಜಬೇಡಿ, ಸೂಕ್ಷ್ಮ ಧೂಳು ತಡೆಯುವ ಪಿ100 ಮುಖಕವಚ ಕಡ್ಡಾಯ.

ಕಾಸ್ಟಿಕ್ ಸೋಡಾ, ಸ್ಟೀಲ್ ವೂಲ್, ಮರಳು ಬ್ಲಾಸ್ಟಿಂಗ್ ಮೂರೂ ಬೇಡ. ಮೊದಲನೆಯದು ಲೋಹವನ್ನೇ ತಿನ್ನುತ್ತದೆ, ಎರಡನೆಯದರ ಚೂರು ಲೋಹದಲ್ಲಿ ಹೂತು ತುಕ್ಕು ಹುಟ್ಟಿಸುತ್ತದೆ, ಮೂರನೆಯದು ತೆಳು ಹಾಳೆಯನ್ನು ಸೊಟ್ಟ ಮಾಡುತ್ತದೆ. ಪೇಂಟ್ ಸ್ಟ್ರಿಪ್ಪರ್, ಪ್ಲಾಸ್ಟಿಕ್ ಸ್ಕ್ರೇಪರ್, ನೈಲಾನ್ ಪ್ಯಾಡ್ ಸಾಕು. ಹಾಳೆಯ ಮೇಲಿನ ಶುದ್ಧ ಅಲ್ಯೂಮಿನಿಯಂ ಲೇಪ ಕೂದಲಷ್ಟು ತೆಳು, ಅದೇ ರಕ್ಷಣೆ. ಸ್ಟ್ರಿಪ್ಪರ್ ಕ್ಯಾನಪಿಗೆ ತಾಗಿದರೆ ಅಕ್ರಿಲಿಕ್ ಸೀಳು ಬಿಡುತ್ತದೆ, ಆದ್ದರಿಂದ ಅಲ್ಯೂಮಿನಿಯಂ ಫಾಯಿಲ್‌ನಿಂದ ಎರಡು ಸುತ್ತು ಮುಚ್ಚಿ. ಪ್ರೆಷರ್ ವಾಷರ್ ಕೂಡ ಬೇಡ, ಹಾಳೆಗಳ ಜೋಡಣೆಯೊಳಗೆ ನೀರು ತಳ್ಳುತ್ತದೆ.

ಫಾಸ್ಫಾರಿಕ್ ಆಸಿಡ್ ಕ್ಲೀನರ್ ಹಚ್ಚಿ ತೊಳೆದ ಮೇಲೆ ನೀರಿನ ಪರೀಕ್ಷೆ: ನೀರು ಹನಿಗಟ್ಟದೆ ಅರ್ಧ ನಿಮಿಷ ಒಂದೇ ಪೊರೆಯಾಗಿ ನಿಂತರೆ ಜಿಡ್ಡು ಹೋಗಿದೆ. ನಂತರ ಆಲೋಡೈನ್ (ಅಲ್ಯೂಮಿನಿಯಂ ಮೇಲೆ ರಕ್ಷಣೆಯ ಪೊರೆ ಕಟ್ಟುವ ಕ್ರೋಮೇಟ್ ದ್ರಾವಣ), 2ರಿಂದ 5 ನಿಮಿಷ, ತಿಳಿ ಚಿನ್ನದ ಬಣ್ಣ ಬರುವವರೆಗೆ. ತೊಳೆದ ಮೇಲೆ ಬಟ್ಟೆಯಿಂದ ಒರೆಸಬಾರದು, ಪೊರೆ ಹಸಿಯಾಗಿರುತ್ತದೆ. ತೊಳೆದ ನೀರನ್ನು ಚರಂಡಿಗೆ ಬಿಡಬೇಡಿ. ಒಣಗಿದ ಮರುದಿನದೊಳಗೆ ಎಪಾಕ್ಸಿ ಪ್ರೈಮರ್, 20ರಿಂದ 25 ಮೈಕ್ರಾನ್. ಮೇಲೆ ಪಾಲಿಯುರೆಥೇನ್, ಸುಮಾರು 50 ಮೈಕ್ರಾನ್. ಅದರ ಗಟ್ಟಿಕಾರಕದಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸೈನೇಟ್ ಇರುವುದರಿಂದ ಹೊರಗಿನಿಂದ ಗಾಳಿ ಬರುವ ಮುಖಕವಚವೇ ಬೇಕು. ಬೆಂಗಳೂರಿನ ಕಡೆ ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೆಳಗಿನ ಇಬ್ಬನಿ ಪೂರ್ತಿ ಆರಿರಬೇಕು. ಏಪ್ರಿಲ್ ಬಿಸಿಲಲ್ಲಿ ಬಣ್ಣ ಲೋಹ ಮುಟ್ಟುವ ಮೊದಲೇ ಒಣಗಿ ಒರಟಾಗುತ್ತದೆ.

ಪ್ರತಿ ಮೇ ತಿಂಗಳಲ್ಲಿ ಒಂದು ತಪಾಸಣೆ. ಮೇಲಿನ ಪ್ಯಾನೆಲ್‌ಗಳಿಂದ ಒಂದೊಂದು ಖಾನೆಗೆ ಒಂದು ಲೀಟರ್ ಸಿಹಿನೀರು ಸುರಿದು, ಕೆಳಗೆ ಬಕೆಟ್ ಹಿಡಿದು ಅಳೆಯಿರಿ. ಕಡಿಮೆ ಬಂದರೆ ಆ ಖಾನೆಯ ತೂತಿಗೆ ನೈಲಾನ್ ಕಡ್ಡಿ ಹಾಕಿ, ಮತ್ತೆ ಸುರಿಯಿರಿ. ಕಾರವಾರ, ಮಂಗಳೂರಿನಂಥ ಕಡಲತೀರದಲ್ಲಾದರೆ ಹೊರಮೈಯನ್ನೂ ತಿಂಗಳಿಗೊಮ್ಮೆ ಸಿಹಿನೀರಿನಿಂದ ತೊಳೆಯಬೇಕು, ರೆಕ್ಕೆಯ ಅಡಿಭಾಗವನ್ನು ವಿಶೇಷವಾಗಿ. ಮಳೆ ತಾಗದ ಆ ಮೈಯಲ್ಲೇ ಉಪ್ಪು ಕೂರುವುದು.