ಹಾ ಲಾಂಗ್ ಕೊಲ್ಲಿಗೆ ಒಂದು ಹಗಲು ಸಾಕು: ನನ್ನ ಅನುಭವ

ವಿಯೆಟ್ನಾಮಿನ ಹಾ ಲಾಂಗ್‌ಗೆ ಹೋದ ಮೇಲೆ ರಾತ್ರಿ ಹಡಗಿನಲ್ಲೇ ಮಲಗಬೇಕು, ಹಗಲಿನ ಕ್ರೂಸ್ ಮಾಡಿ ಬಂದರೆ ಗ್ರಾಹಕರು ಬೈಯುತ್ತಾರೆ ಎಂಬುದು ನಮ್ಮಂಥ ಪ್ರವಾಸ ಸಂಘಟಕರ ನಂಬಿಕೆ. ಹಗಲಿನ ಪ್ಯಾಕೇಜಿಗೆ ಐಷಾರಾಮಿ ದರ ಹಾಕುತ್ತೇನೆ ಎಂದಾಗ ಬೆಂಗಳೂರಿನ ಹಿರಿಯ ಸಂಘಟಕರೊಬ್ಬರು ‘ಅಷ್ಟು ದುಡ್ಡು ಯಾರು ಕೊಡುತ್ತಾರೆ ಸ್ವಾಮಿ, ರಾತ್ರಿ ಇಲ್ಲದ ಕ್ರೂಸಿಗೆ?’ ಎಂದು ನಕ್ಕರು. ಕಳೆದ ನವೆಂಬರಿನಲ್ಲಿ ಮೈಸೂರು, ಶಿವಮೊಗ್ಗ, ಶಿರಸಿ ಕಡೆಯ ಮೂವತ್ತರಷ್ಟು ಮಂದಿ ಹಿರಿಯರನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ಬಹುತೇಕರು ಅರವತ್ತೈದು ದಾಟಿದವರು, ಅರ್ಧದಷ್ಟು ಮಂದಿ ಈರುಳ್ಳಿ–ಬೆಳ್ಳುಳ್ಳಿ ಮುಟ್ಟದವರು. ಅವರಲ್ಲಿ ಹಲವರು ಮುಂದಿನ ಪ್ರವಾಸಕ್ಕೆ ಈಗಾಗಲೇ ಮುಂಗಡ ಕಟ್ಟಿದ್ದಾರೆ. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಮೊದಲು ರಾತ್ರಿ ಹಡಗಿನ ಲೆಕ್ಕ. ಎರಡು ಹಗಲು ಒಂದು ರಾತ್ರಿ ಎಂದು ಮಾರುತ್ತಾರಲ್ಲ, ಅದರಲ್ಲಿ ನೋಡುವ ಹೊತ್ತು ಎಷ್ಟು ಎಂದು ಗಡಿಯಾರ ಹಿಡಿದು ಅಳೆದಿದ್ದೇನೆ. ಮಧ್ಯಾಹ್ನ ಹನ್ನೆರಡೂವರೆಗೆ ಹತ್ತಿಸುತ್ತಾರೆ. ಕೋಣೆಯ ಕೀಲಿ, ಸುರಕ್ಷತೆಯ ಪಾಠ, ಊಟ ಎಂದು ಮೂರು ಗಂಟೆಯಾಗುತ್ತದೆ. ಐದೂವರೆಯವರೆಗೆ ಒಂದು ಜಾಗ ತೋರಿಸುತ್ತಾರೆ. ಮರುದಿನ ಬೆಳಿಗ್ಗೆ ಒಂದು ಗುಹೆ, ಒಂಬತ್ತೂವರೆಗೆ ಕೋಣೆ ಖಾಲಿ ಮಾಡಿ ಎನ್ನುತ್ತಾರೆ. ಒಟ್ಟು ನಾಲ್ಕೈದು ಗಂಟೆ. ಅದಕ್ಕೆ ತಲೆಗೆ ಹದಿನಾಲ್ಕು–ಹದಿನೈದು ಸಾವಿರ ರೂಪಾಯಿ. ಮೊಣಕಾಲು ನೋವಿನವರಿಗೆ ಒಂದು ಮಹಡಿಯಿಂದ ಇನ್ನೊಂದಕ್ಕೆ ಕಡಿದಾದ ಕಬ್ಬಿಣದ ಮೆಟ್ಟಿಲು, ರಾತ್ರಿಯಿಡೀ ಜನರೇಟರಿನ ಸದ್ದು, ಬಚ್ಚಲಿನ ಹೊಸ್ತಿಲು ಅರ್ಧ ಅಡಿ. ಒಮ್ಮೆ ಒಬ್ಬರು ಆ ಹೊಸ್ತಿಲಲ್ಲಿ ಎಡವಿ ಮಣಿಕಟ್ಟು ಮುರಿದುಕೊಂಡರು. ದಡಕ್ಕೆ ತರುವ ಹೊತ್ತಿಗೆ ಬೆಳಗಾಗಿತ್ತು. ವಿಮೆ ಬಂದರೂ ನನ್ನ ಕೈಯಿಂದ ನಲವತ್ತು ಸಾವಿರದಷ್ಟು ಹೋಯಿತು.

ಅದಾದ ಮೇಲೆ ಹನೋಯಿಯಿಂದ ಹೊರಡುವ ಐಷಾರಾಮಿ ಹಗಲು ಕ್ರೂಸ್ ಪ್ರಯತ್ನಿಸಿದೆ, ಎಲ್ಲರೊಂದಿಗೆ ಹಂಚಿಕೊಳ್ಳುವಂಥದ್ದು. ತಲೆಗೆ ಎಪ್ಪತ್ತು ಡಾಲರಿನ ಸುತ್ತಮುತ್ತ. ಬಿಸಿನೀರಿನ ತೊಟ್ಟಿ, ಜಾರುಬಂಡಿ, ಸಂಜೆ ಹಾಡು ಎಲ್ಲ ಇತ್ತು. ಆದರೆ ಹನೋಯಿಯ ಬಸ್ಸುಗಳೆಲ್ಲ ಬಂದರಿಗೆ ಬರುವುದು ಹನ್ನೊಂದೂವರೆ–ಹನ್ನೆರಡಕ್ಕೆ. ನೂರಾರು ಜನ ಒಟ್ಟಿಗೆ ಹತ್ತುತ್ತಾರೆ, ಒಟ್ಟಿಗೆ ಗುಹೆಗೆ ನುಗ್ಗುತ್ತಾರೆ. ಬಫೆಯಲ್ಲಿ ನಮ್ಮವರಿಗೆ ಬೇಯಿಸಿದ ಎಲೆಕೋಸು, ಅದರ ಮೇಲೆಯೂ ಮೀನಿನ ಸಾಸು. ಅದನ್ನು ಬಾಯಿಗಿಟ್ಟ ಹಿರಿಯರೊಬ್ಬರು ಆ ದಿನ ಮತ್ತೇನನ್ನೂ ತಿನ್ನಲಿಲ್ಲ. ಹನೋಯಿಗೆ ಮರಳಿದಾಗ ರಾತ್ರಿ ಎಂಟೂವರೆ ದಾಟಿತ್ತು.

ಚಂಡಮಾರುತದ ಹೊಡೆತವೂ ಬಿತ್ತು. 2024ರ ಸೆಪ್ಟೆಂಬರ್ 7ರಂದು ಯಾಗಿ ಚಂಡಮಾರುತ ಹಾ ಲಾಂಗ್ ಇರುವ ಕ್ವಾಂಗ್ ನಿನ್ ಪ್ರಾಂತ್ಯ, ಪಕ್ಕದ ಹಾಯ್ ಫಾಂಗ್ ಕಡೆಗೆ ಅಪ್ಪಳಿಸಿತು. ಬಂದರಿನಲ್ಲಿ ನಿಂತ ಪ್ರವಾಸಿ ದೋಣಿಗಳೇ ಮುಳುಗಿದವು. ನಾನು ಕಟ್ಟಿದ್ದ ಮುಂಗಡ ಒಂದೂಮುಕ್ಕಾಲು ಲಕ್ಷದ ಹತ್ತಿರ. ಅಲ್ಲಿನ ಏಜೆಂಟ್ ನಗದು ಕೊಡಲಿಲ್ಲ, ಮುಂದಿನ ಸಲಕ್ಕೆ ಹೊಂದಿಸಿಕೊಳ್ಳಿ ಎಂದ. ಅರ್ಧದಷ್ಟು ಕೈಗೆ ಬರಲು ಆರೇಳು ತಿಂಗಳು ಹಿಡಿಯಿತು. ಈಗ ಕರಾರಿನಲ್ಲಿ ಒಂದು ಸಾಲು ಬರೆಸುತ್ತೇನೆ: ಬಂದರು ಪ್ರಾಧಿಕಾರ ಹಡಗು ಬಿಡಬೇಡಿ ಎಂದ ದಿನ ಹತ್ತು ದಿನದೊಳಗೆ ಪೂರ್ತಿ ಹಣ ವಾಪಸ್. ಒಪ್ಪದವರ ಜೊತೆ ವ್ಯವಹಾರ ಇಲ್ಲ.

ಇನ್ನು ಗೆದ್ದ ದಾರಿ. ಕೊಲ್ಲಿಯಲ್ಲಿ ಜನ ಎರಡು ಅಲೆಯಾಗಿ ಬರುತ್ತಾರೆ. ರಾತ್ರಿ ತಂಗಿದ ಹಡಗಿನವರು ಬೆಳಿಗ್ಗೆ ಎಂಟರ ಹೊತ್ತಿಗೆ ಗುಹೆ ನೋಡಿ ಒಂಬತ್ತೂವರೆಗೆ ಹೊರಟುಬಿಡುತ್ತಾರೆ. ಹನೋಯಿಯವರು ಹನ್ನೆರಡರ ನಂತರ. ನಡುವೆ ಎರಡೂವರೆ ಗಂಟೆಯ ಸಂದು ಇದೆ. ಆ ಸಂದಿನಲ್ಲಿ ನುಸುಳಬೇಕಾದರೆ ಹನೋಯಿಯಲ್ಲಿ ಮಲಗಿ ಏಳುವುದರಿಂದ ಆಗದು. ನಾನು ಹನೋಯಿಯ ನೋಯ್ ಬಾಯ್ ವಿಮಾನ ನಿಲ್ದಾಣದಿಂದ ತಂಡವನ್ನು ನೇರವಾಗಿ ಹಾ ಲಾಂಗ್‌ಗೆ ಕರೆದೊಯ್ದೆ. 2018ರಲ್ಲಿ ಹಾಯ್ ಫಾಂಗ್–ಹಾ ಲಾಂಗ್ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಅದು ಎರಡೂವರೆ ಗಂಟೆಯ ದಾರಿ. ಹಿಂದಿನ ನಾಲ್ಕು ಗಂಟೆಯ ಕಾಟ ಈಗಿಲ್ಲ. ಹಾ ಲಾಂಗ್‌ನ ಕಡಲತೀರದ ಬಡಾವಣೆ ಬಾಯ್ ಚಾಯ್‌ನಲ್ಲಿ ಸಮುದ್ರದೆದುರಿನ ಹೋಟೆಲಿಗೆ ಕೋಣೆಗೆ ಮೂರೂವರೆ ಸಾವಿರ, ತಿಂಡಿ ಸೇರಿ. ಬೆಳಿಗ್ಗೆ ಎಂಟಕ್ಕೆ ಹಡಗು ಬಿಟ್ಟರೆ ಒಂಬತ್ತು ಕಾಲಿಗೆ ಬೊ ಹೋನ್ ದ್ವೀಪದ ಸುಂಗ್ ಸೋಟ್ ಗುಹೆಯ ಬುಡದಲ್ಲಿರುತ್ತೇವೆ. ರಾತ್ರಿಯವರು ಇಳಿದು ಹೋಗುತ್ತಿರುತ್ತಾರೆ, ನಾವು ಹತ್ತುತ್ತೇವೆ.

ಹಡಗು ಪೂರ್ತಿ ನಮ್ಮದೇ. ಎರಡು ಮಹಡಿಯ ಮಧ್ಯಮ ಗಾತ್ರದ್ದು, ಮೇಲೆ ಬೆತ್ತದ ಕುರ್ಚಿಗಳು, ಕೆಳಗೆ ಹವಾನಿಯಂತ್ರಿತ ಊಟದ ಸಾಲೆ. ದಿನದ ಬಾಡಿಗೆ ಸುಮಾರು ಎರಡು ಲಕ್ಷ ನಲವತ್ತು ಸಾವಿರ ರೂಪಾಯಿಗೆ ಇಳಿಯಿತು. ಮೊದಲು ಕೇಳಿದ್ದು ಮೂರೂಕಾಲು. ಅಲ್ಲಿಂದ ಇಲ್ಲಿಗೆ ಇಳಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಹಡಗಿನವರಿಗೆ ವಾರದ ಯಾವ ದಿನ ಕೈ ಖಾಲಿ ಇರುತ್ತದೆ ಎಂದು ಪತ್ತೆ ಮಾಡಿಕೊಳ್ಳಿ ಎಂದಷ್ಟೇ ಹೇಳುತ್ತೇನೆ. ತಲೆಗೆ ಹಡಗು ಎಂಟು ಸಾವಿರ, ಪ್ರವೇಶ ಶುಲ್ಕ ಮೂರು ಲಕ್ಷ ಡಾಂಗ್‌ಗೆ ತುಸು ಕಡಿಮೆ, ಅಂದರೆ ಸಾವಿರ ರೂಪಾಯಿ. ಊಟ ಸಾವಿರದ ಇನ್ನೂರು, ಹೋಟೆಲಿನ ಪಾಲು ಸಾವಿರದ ಎಂಟುನೂರು. ಒಟ್ಟು ಹನ್ನೆರಡು ಸಾವಿರ. ರಾತ್ರಿ ಹಡಗಿಗಿಂತ ಎರಡು–ಮೂರು ಸಾವಿರ ಕಡಿಮೆ, ಮತ್ತು ಹಡಗಿನಲ್ಲಿ ಬೇರೆಯವರಿಲ್ಲ!

ಸುಂಗ್ ಸೋಟ್ ಬಗ್ಗೆ ಒಂದು ಮಾತು. ನೂರರಷ್ಟು ಮೆಟ್ಟಿಲು ಹತ್ತಿ ಒಳಹೊಕ್ಕರೆ ಹಿಂದಿರುಗುವ ದಾರಿ ಇಲ್ಲ, ಹತ್ತುವುದು ಒಂದು ಕಡೆ, ಇಳಿಯುವುದು ಇನ್ನೊಂದು ಕಡೆ. ಒಳಗೆ ನೆಲ ಒದ್ದೆ. ಆಗದವರನ್ನು ಕೆಳಗೇ ಗುರುತಿಸಿ ಹಡಗಿನಲ್ಲಿ ಉಳಿಸಬೇಕು. ನಡುವೆ ಕುಳಿತುಬಿಟ್ಟರೆ ಹೊತ್ತು ತರಬೇಕಾಗುತ್ತದೆ. ತಿತೋಪ್ ದ್ವೀಪದ ನೆತ್ತಿಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲಿವೆ. ಅಲ್ಲಿಗೆ ಹಿರಿಯರನ್ನು ಹತ್ತಿಸಲೇ ಇಲ್ಲ. 1962ರಲ್ಲಿ ಹೋ ಚಿ ಮಿನ್ ಜೊತೆ ಬಂದ ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೋವ್ ಹೆಸರು ದ್ವೀಪಕ್ಕೆ ಬಂದ ಕಥೆಯನ್ನು ಮರಳ ಮೇಲೆ ಕೂರಿಸಿ ಹೇಳಿದೆ. ನಿವೃತ್ತ ಮೇಷ್ಟ್ರುಗಳಿಗೆ ಅದು ಮೆಟ್ಟಿಲಿಗಿಂತ ಹೆಚ್ಚು ಹಿಡಿಸಿತು. 2012ರಲ್ಲಿ ಇಲ್ಲಿನ ದೋಣಿಗಳೆಲ್ಲ ಬಿಳಿ ಬಣ್ಣ ಬಳಿಯಬೇಕೆಂದು ಆದೇಶವಾಗಿತ್ತು, ಈಗಲೂ ಬಹುಪಾಲು ಬಿಳಿಯೇ. ದಡದಿಂದ ನಮ್ಮ ಹಡಗು ಯಾವುದು ಎಂದು ತಿಳಿಯದೆ ಹಿರಿಯರು ಗಾಬರಿಯಾಗುತ್ತಾರೆ. ರಾಜ್ಯೋತ್ಸವದ ತಿಂಗಳಾದ್ದರಿಂದ ಹಳದಿ–ಕೆಂಪು ಶಾಲನ್ನು ಮೇಲ್ಮಹಡಿಯ ಕಂಬಿಗೆ ಕಟ್ಟಿದೆ. ಯಾರೂ ದಾರಿ ತಪ್ಪಲಿಲ್ಲ.

ನನಗೆ ಹೆಚ್ಚು ಹೆಮ್ಮೆ ಇರುವುದು ಲುವೊನ್ ಗುಹೆಯ ವಿಷಯದಲ್ಲಿ. ಗುಹೆ ಎನ್ನುವುದಕ್ಕಿಂತ ಬಂಡೆಯ ಕೆಳಗಿನ ಕಮಾನು ಅದು. ಬಿದಿರು ದೋಣಿಯಲ್ಲಿ ಕುಳಿತು ಅದರಡಿ ದಾಟಿದರೆ ಸುತ್ತಲೂ ಬಂಡೆ ಮುಚ್ಚಿದ ಮಡುವೊಂದು ಸಿಗುತ್ತದೆ. ಉಬ್ಬರ ಜೋರಿದ್ದ ದಿನ ಕಮಾನು ತಲೆಗೆ ಬರುತ್ತದೆ, ದೋಣಿ ಬಿಡುವುದಿಲ್ಲ. ಹಿಂದೊಂದು ತಂಡ ಹೀಗೆಯೇ ಬಾಗಿಲವರೆಗೆ ಹೋಗಿ ಮರಳಿತ್ತು. ನಮ್ಮ ಮಂಗಳೂರು, ಕಾರವಾರದಲ್ಲಿ ದಿನಕ್ಕೆ ಎರಡು ಉಬ್ಬರ ಎರಡು ಇಳಿತ. ಅಲ್ಲಿ ದಿನಕ್ಕೆ ಒಂದೇ ಉಬ್ಬರ, ಒಂದೇ ಇಳಿತ, ಏರಿಳಿತ ಮೂರು–ನಾಲ್ಕು ಮೀಟರಿನವರೆಗೂ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಲೆಕ್ಕವೂ ಅಲ್ಲಿ ಕೂರುವುದಿಲ್ಲ. ಚಂದ್ರ ಆಕಾಶದಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಸರಿದಿದ್ದಾನೆ ಎಂಬುದರ ಮೇಲೆ ದೊಡ್ಡ ಉಬ್ಬರ ನಿಂತಿರುತ್ತದೆ. ಹಾಯ್ ಫಾಂಗ್ ಬಳಿಯ ಹೋನ್ ಜಾವ್ ಕೇಂದ್ರದ ಉಬ್ಬರವಿಳಿತದ ಪಟ್ಟಿ ನೋಡಿ ನಾನು ಮೊದಲು ದಿನ ಆರಿಸಿದೆ, ಆಮೇಲೆ ವಿಮಾನದ ಟಿಕೆಟ್. ಟಿಕೆಟ್ ಏಜೆಂಟನಿಗೆ ಇದು ವಿಚಿತ್ರವಾಗಿ ಕಂಡಿತು.

ಆ ದಿನ ಕಮಾನಿನಡಿ ಹೋದಾಗ ನೀರು ಸಾಕಷ್ಟು ಇಳಿದಿತ್ತು. ಬಂಡೆಯ ಬುಡವನ್ನು ನೀರು ಒಳಕ್ಕೆ ತಿಂದು ಗೂಡು ಮಾಡಿದ ಜಾಗ ಪೂರ್ತಿ ಬಯಲಾಗಿತ್ತು. ಅದಕ್ಕೆ ಅಂಟಿಕೊಂಡ ಸಿಂಪಿಯ ಚಿಪ್ಪುಗಳು ಅಲಗಿನಂತೆ ಚೂಪಾಗಿದ್ದವು. ಹುಟ್ಟು ಹಾಕುವ ಹೆಂಗಸು ಕೈ ಚಾಚಬೇಡಿ ಎಂದು ಸನ್ನೆ ಮಾಡುತ್ತಲೇ ಇದ್ದಳು. ಒಳಗಿನ ಮಡುವಿನಲ್ಲಿ ಕೋತಿಗಳು ಬಂಡೆಯಿಂದ ಇಳಿದು ಬಂದವು. ಶಿರಸಿಯ ಅಜ್ಜಿಯೊಬ್ಬರು ಮೇಲೆ ನೋಡುತ್ತ ‘ನಮ್ಮ ಯಾಣವನ್ನೇ ತಂದು ನೀರಿನಲ್ಲಿ ನಿಲ್ಲಿಸಿದ್ದಾರಲ್ಲ ತಮ್ಮಾ’ ಎಂದರು. ಯಾಣದ್ದೂ ಸುಣ್ಣಕಲ್ಲೇ, ಅವರ ಕಣ್ಣು ಸುಳ್ಳು ಹೇಳಲಿಲ್ಲ.

ಊಟದ ವಿಷಯ. ನಮ್ಮವರ ಹಳೆಯ ಪದ್ಧತಿಯಂತೆ ಅಡುಗೆಯವರನ್ನು ಕರೆದೊಯ್ದರೆ ಹಡಗಿನ ಅಡುಗೆಮನೆಗೆ ಬಿಡುವುದಿಲ್ಲ. ವೆಜಿಟೇರಿಯನ್ ಎಂದು ಬರೆದುಕೊಟ್ಟರೆ ಎಲೆಕೋಸೇ ಗತಿ. ಆದರೆ ವಿಯೆಟ್ನಾಮಿನಲ್ಲಿ ಬೌದ್ಧರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಡುವ ‘ಚಾಯ್’ ಅಡುಗೆಯಲ್ಲಿ ಮಾಂಸ, ಮೀನಿನ ಸಾಸು ಇರುವುದಿಲ್ಲ, ಕಟ್ಟುನಿಟ್ಟಾದವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಮಾಧ್ವರ ಮನೆಯ ಅಜ್ಜಿಯೂ ಒಪ್ಪುವ ಅಡುಗೆ ಅಲ್ಲಿ ಶತಮಾನಗಳಿಂದ ಇದೆ, ಕೇಳುವ ಬಗೆ ಮಾತ್ರ ನಮಗೆ ತಿಳಿದಿರಲಿಲ್ಲ. ಹಡಗಿನ ಬಾಣಸಿಗನಿಗೆ ಅವನ ತಾಯಿ ಉಪವಾಸದ ದಿನ ಮಾಡುವುದನ್ನೇ ಮಾಡು ಎಂದು ದುಭಾಷಿಯ ಮೂಲಕ ಹೇಳಿಸಿದೆ. ಅವನ ಮುಖ ಅರಳಿತು. ತೋಫು–ಟೊಮೆಟೊ, ಅಣಬೆಯ ಸಾರು, ಕುಂಬಳದ ಪಲ್ಯ, ಹುರಿದ ಕಡಲೆಕಾಯಿ–ಎಳ್ಳಿನ ಪುಡಿ. ಆ ಪುಡಿಯನ್ನು ನಮ್ಮವರು ಚಟ್ನಿಪುಡಿ ಎಂದೇ ಅನ್ನಕ್ಕೆ ಕಲಸಿಕೊಂಡರು.

ಎರಡು ಎಚ್ಚರಿಕೆ. ಅಡುಗೆಮನೆಯ ಹಲಗೆಯ ಮೇಲೆ ಮೀನಿನ ಸಾಸು, ಸೋಯಾ ಸಾಸು ಎರಡೂ ಒಂದೇ ಕಂದು ಬಣ್ಣದ ಸೀಸೆಗಳಲ್ಲಿ ಪಕ್ಕಪಕ್ಕ ಇರುತ್ತವೆ. ನಾನೇ ಒಳಗೆ ಹೋಗಿ ಸೋಯಾ ಸೀಸೆಯ ಕುತ್ತಿಗೆಗೆ ಕೆಂಪು ದಾರ ಕಟ್ಟಿ, ಇನ್ನೊಂದನ್ನು ಪೆಟ್ಟಿಗೆಗೆ ಹಾಕಿಸಿದೆ. ಇನ್ನೊಂದು, ಉಪವಾಸದ ಅಡುಗೆಯಲ್ಲಿ ಸೋಯಾದಿಂದ ಸಿಗಡಿ, ಕೋಳಿಯ ಆಕಾರ ಮಾಡುವ ಚಾಳಿ ಅವರಿಗಿದೆ. ಬಾಲದ ಸಮೇತ ಸಿಗಡಿಯ ರೂಪ ತಟ್ಟೆಯಲ್ಲಿ ಕಂಡರೆ ನಮ್ಮವರು ಎದ್ದೇಬಿಡುತ್ತಾರೆ. ಆಕಾರ ಬೇಡ ಎಂದು ಮೊದಲೇ ಹೇಳಿ.

ಮೊಸರಿನ ಪ್ರಯೋಗಕ್ಕೆ ಸಾಕಷ್ಟು ಸಮಯ ಕೊಟ್ಟಿದ್ದೇನೆ. ಅಲ್ಲಿ ಅಂಗಡಿಯಲ್ಲಿ ಸಿಗುವ ಮೊಸರು ಹೆಚ್ಚಾಗಿ ಸಿಹಿ. ಅದರಲ್ಲಿ ಮೊಸರನ್ನ ಕಲಸಿದರೆ ಪಾಯಸವಾಗುತ್ತದೆ. ಸಕ್ಕರೆಯಿಲ್ಲದ ಬಟ್ಟಲುಗಳನ್ನು ಹುಡುಕಿ, ಪೊಟ್ಟಣದ ಹಾಲನ್ನು ಹೋಟೆಲಿನ ಕೆಟಲಿನಲ್ಲಿ ಬಿಸಿ ಮಾಡಿ ಹೆಪ್ಪು ಹಾಕಿದೆ. ಚಳಿಗೆ ಹೆಪ್ಪಾಗಲಿಲ್ಲ. ಮೆಣಸಿನಕಾಯಿ ತೊಟ್ಟು ಹಾಕಿ ನೋಡಿದೆ, ನೀರಾಯಿತು. ಕೊನೆಗೆ ಡಬ್ಬಿಯನ್ನು ಬಿಸಿನೀರಿನ ಬಾಟಲಿಗಳ ನಡುವೆ ಇಟ್ಟು, ಟವೆಲು ಸುತ್ತಿ, ಬೀರುವಿನಲ್ಲಿ ಮುಚ್ಚಿಟ್ಟೆ. ಬೆಳಗಿನ ಐದಕ್ಕೆ ಗಟ್ಟಿಯಾಗಿತ್ತು. ಆರು ಲೀಟರಿನಷ್ಟು ಮೊಸರು ಹಡಗು ಹತ್ತಿತು, ಪ್ರವಾಸದ ಎಲ್ಲ ದೂರುಗಳೂ ಅಲ್ಲಿಗೆ ಮುಗಿದವು. ಅಲ್ಲಿನ ಅನ್ನ ಅಂಟು, ಪುಳಿಯೋಗರೆಗೆ ಆಗದು. ನೀರು ಕಡಿಮೆ ಮಾಡಿಸಿ ಅಗಲ ತಟ್ಟೆಯಲ್ಲಿ ಎಣ್ಣೆ ಸವರಿ ಆರಿಸಿದರೆ ನಡೆಯುತ್ತದೆ. ಅವರ ಕಾಫಿ ಸೋಸುವ ಪುಟ್ಟ ಫಿನ್ ಬಟ್ಟಲಿಗೆ ಚಿಕ್ಕಮಗಳೂರಿನ ಪುಡಿ ಹಾಕಿಯೂ ನೋಡಿದೆ. ಚಿಕೋರಿ ಇದ್ದರೆ ತೂತು ಕಟ್ಟಿಕೊಳ್ಳುತ್ತದೆ, ಶುದ್ಧ ಕಾಫಿಗೆ ಡಿಕಾಕ್ಷನ್ ಚೆನ್ನಾಗಿಯೇ ಇಳಿಯುತ್ತದೆ.

ಸುರಕ್ಷತೆಯಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. 2025ರ ಜುಲೈನಲ್ಲಿ ಇದೇ ಕೊಲ್ಲಿಯಲ್ಲಿ ದಿಢೀರ್ ಬಿರುಗಾಳಿಗೆ ಪ್ರವಾಸಿ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅದು ಹಗಲಿನ ದೋಣಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ತಂಡ ಒಯ್ಯುವುದಿಲ್ಲ, ಎಷ್ಟೇ ಅಗ್ಗವಾದರೂ ಸರಿ. ಜೀವರಕ್ಷಕ ಅಂಗಿಯನ್ನು ಹಿಂದಿನ ರಾತ್ರಿ ಹೋಟೆಲಿನಲ್ಲೇ ತೊಡಿಸಿ ಬಿಚ್ಚಿಸಿ ಅಭ್ಯಾಸ ಮಾಡಿಸುತ್ತೇನೆ, ಸೀರೆಯ ಮೇಲೆ ಪಟ್ಟಿ ಬಿಗಿಯುವುದಕ್ಕೆ ಹೊತ್ತು ಬೇಕು. ಫೆಬ್ರುವರಿಯಲ್ಲಿ ಅಪಾಯ ಕಡಿಮೆ, ಆದರೆ ಮಂಜು ಮತ್ತು ತುಂತುರಿನಲ್ಲಿ ಎದುರಿನ ಬಂಡೆಯೇ ಕಾಣದು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ನನ್ನ ಕಾಲ. ಪ್ರಯಾಣಿಕರ ಪಟ್ಟಿಯನ್ನು ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ಹೊಂದಿಸಿ ಕೊಡಿ. ನಮ್ಮ ಇನಿಷಿಯಲ್ ಹೆಸರುಗಳು ಬಂದರಿನಲ್ಲಿ ಅರ್ಧ ಗಂಟೆ ತಿಂದರೆ ಎರಡೂವರೆ ಗಂಟೆಯ ಆ ಸಂದು ಅಲ್ಲೇ ಕರಗಿತು.

ಮಧ್ಯಾಹ್ನ ಎರಡೂವರೆಗೆ ದಡ ಸೇರಿದೆವು. ಎಲ್ಲ ಖರ್ಚು ಕಳೆದು ತಲೆಗೆ ಎರಡು ಸಾವಿರದ ಮೇಲೆ ನನ್ನ ಕೈಯಲ್ಲಿ ಉಳಿಯಿತು, ರಾತ್ರಿ ಹಡಗಿನಲ್ಲಿ ಇದರ ಅರ್ಧವೂ ಉಳಿದದ್ದಿಲ್ಲ. ಅಂದು ನಕ್ಕ ಹಿರಿಯರು ಜನವರಿಯಲ್ಲಿ ಫೋನ್ ಮಾಡಿ ಹಡಗಿನವನ ನಂಬರ್ ಕೇಳಿದರು. ನಂಬರ್ ಕೊಡಲಿಲ್ಲ, ಕ್ರಮವನ್ನು ಪೂರ್ತಿ ಹೇಳಿದೆ. ಮುಂದಿನ ಋತುವಿಗೆ ಕಾಟ್ ಬಾ ದ್ವೀಪಗಳ ಪಕ್ಕದ ಲಾನ್ ಹಾ ಕೊಲ್ಲಿಯ ಕಡೆ ಇದನ್ನೇ ಮಾಡಬೇಕೆಂದಿದ್ದೇನೆ. 2023ರಲ್ಲಿ ಆ ದ್ವೀಪಸಮೂಹವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಹಡಗಿನ ದರ ಕೇಳಿದ್ದೇನೆ, ಎರಡೂಮುಕ್ಕಾಲು ಲಕ್ಷ ಎನ್ನುತ್ತಿದ್ದಾರೆ. ಎರಡೂಕಾಲಿಗೆ ಬಂದರೆ ಮುಂಗಡ ಕಟ್ಟುತ್ತೇನೆ.