ಪೈಥಾನ್ ಸುಮ್ನೆ ಕೂತಿತೇ? ಗಿರಣಿಯ ಡಬ್ಬ ನೋಡಿ

ಬ್ಯಾಡಗಿಯಲ್ಲಿ ನಮ್ಮ ಸೋದರಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ಗುಮಾಸ್ತರು ಲಾಟ್ ಪಟ್ಟಿ ಟೈಪ್ ಮಾಡುವಾಗ ಡಬ್ಬಿ ತಳಿಗೆ ಬರೀ ‘ಡ’, ಕಡ್ಡಿಗೆ ‘ಕ’ ಅಂತ ಹಾಕಿ ಮುಗಿಸಿದ್ದರು. ‘ಇದೊಂದು ಸರಿ ಮಾಡಿಕೊಡಪಾ ಅಳಿಯಾ, ದರದ ಪ್ರಕಾರ ಜೋಡಿಸಿಯೂ ಬಿಡು’ ಅಂದ ಮಾವ. ಸೀಸನ್ ಪೂರ್ತಿಯ ಪಟ್ಟಿ, ನಾಲ್ಕು ಸಾವಿರ ಸಾಲು.

ಪದ ಬದಲಿಸಲು ಸೆಡ್, ಜೋಡಿಸಲು ಸಾರ್ಟ್. ಎರಡೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮೊದಲೇ ಇರುವ ಕಮಾಂಡ್‌ಗಳು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಒಂದೇ ಇದನ್ನೆಲ್ಲ ಮಾಡಬಲ್ಲದು, ನಿಜ. ಆದರೆ ಬೇರೆ ಪ್ರೋಗ್ರಾಂಗೆ ಡೇಟಾ ಕೊಟ್ಟು ತರುವುದನ್ನು ಕಲಿಯಲು ಇಷ್ಟು ಸಲೀಸಾದ ಉದಾಹರಣೆ ಸಿಗಲಿಕ್ಕಿಲ್ಲ.

ಮೊದಲು ಬಾಗಿಲುಗಳನ್ನು ಗುರುತಿಸಿಕೊಳ್ಳಿ. ಪ್ರತಿ ಕಮಾಂಡ್‌ಗೂ ಮೂರು: 0 ಒಳಗೆ ಹೋಗಲು, 1 ಹೊರಗೆ ಬರಲು, 2 ತಪ್ಪಾದಾಗ ಕೂಗಲು. ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ. ಮೇಲೆ ಜೋಳ ಸುರಿಯುತ್ತೀರಿ, ಕೆಳಗಿನ ಡಬ್ಬಕ್ಕೆ ಹಿಟ್ಟು ಬೀಳುತ್ತದೆ.

ಮುಂದಿನದು ಪೈಥಾನ್ ಒಳಗಿನಿಂದ ಕಮಾಂಡ್ ಕರೆಯುವುದು. ಸಬ್‌ಪ್ರೊಸೆಸ್ ಮಾಡ್ಯೂಲ್‌ನ ರನ್ ಫಂಕ್ಷನ್ ಸಾಕು. ಕಮಾಂಡನ್ನು ಒಂದೇ ಉದ್ದ ಸಾಲಾಗಿ, ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ ಆದ ಶೆಲ್‌ಗೆ ಒಪ್ಪಿಸಬೇಡಿ, ಬಿಡಿ ಪದಗಳ ಲಿಸ್ಟ್ ಮಾಡಿ ಕೊಡಿ. ಮಾವನ ಫೈಲಿನ ಹೆಸರು ‘ಬ್ಯಾಡಗಿ ಸೋಮವಾರ’. ಶೆಲ್ ನಡುವಿನ ಸ್ಪೇಸ್ ನೋಡಿ ಅದನ್ನು ಎರಡು ಫೈಲ್ ಅಂದುಕೊಳ್ಳುತ್ತದೆ. ಹೆಸರಿನಲ್ಲಿ ಸೆಮಿಕೋಲನ್ ಇದ್ದರಂತೂ ಅದರಾಚೆಗಿನದನ್ನು ಹೊಸ ಕಮಾಂಡ್ ಅಂತ ಓಡಿಸಿಯೇಬಿಡುತ್ತದೆ. ಸಾರ್ಟ್‌ಗೆ ಮೈನಸ್ ಎನ್ (-n, ಸಂಖ್ಯೆ ಅಂತ ಹೋಲಿಸು ಅನ್ನುವ ಸೂಚನೆ) ಸೇರಿಸಲು ಮರೆಯಬೇಡಿ. ಇಲ್ಲದಿದ್ದರೆ 9500 ರೂಪಾಯಿ ಲಾಟು 28000ದ ಲಾಟಿಗಿಂತ ದೊಡ್ಡದಾಗಿ ಕೂರುತ್ತದೆ, 9 ದೊಡ್ಡದಲ್ವಾ!

ಇಷ್ಟು ಗೊತ್ತಿದ್ದೂ ನಾನು ಎಡವಿದೆ. ರನ್ ಬಿಟ್ಟು ಅದೇ ಮಾಡ್ಯೂಲಿನ ಪೋಪೆನ್ (Popen) ಬಳಸಿ, ನಾನೇ ಒಂದೊಂದು ಸಾಲು ಸೆಡ್‌ಗೆ ಬರೆದು, ಎಲ್ಲ ಮುಗಿದ ಮೇಲೆ ಓದೋಣ ಅಂದುಕೊಂಡಿದ್ದೆ. ಇಪ್ಪತ್ತು ಸಾಲಿನ ಫೈಲಿಗೆ ಚೆನ್ನಾಗಿ ಓಡಿತು. ನಾಲ್ಕು ಸಾವಿರಕ್ಕೆ ಹಚ್ಚಿದೆ. ಕರ್ಸರ್ ಮಿಣುಕುತ್ತ ಕೂತಿತು. ಚಹಾ ಕುಡಿದು ಬಂದರೂ ಮಿಣುಕುತ್ತಲೇ ಇತ್ತು. ಎರರ್ರೂ ಇಲ್ಲ, ಉತ್ತರವೂ ಇಲ್ಲ.

ಆಗಿದ್ದಿಷ್ಟು. ಎರಡು ಪ್ರೋಗ್ರಾಂಗಳ ನಡುವೆ ಡೇಟಾ ಸಾಗಿಸುವ ಪೈಪ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಹಿಡಿಯುವುದು 65,536 ಬೈಟ್ ಮಾತ್ರ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡ ಬೇಗ ಜಾಗ ತಿನ್ನುತ್ತದೆ, ‘ಡಬ್ಬಿ’ ಅನ್ನೋ ಪುಟ್ಟ ಪದಕ್ಕೇ 15 ಬೈಟ್ ಬೇಕು. ಸೆಡ್ ಸಾಲು ಓದಿದ ಹಾಗೇ ಹೊರಗೆ ಹಾಕುತ್ತ ಹೋಗುತ್ತದೆ. ನಾನು ತೆಗೆಯಲೇ ಇಲ್ಲ. ಕೆಳಗಿನ ಡಬ್ಬ ತುಂಬಿತು, ಸೆಡ್ ನಿಂತಿತು. ಸೆಡ್ ಓದುವುದು ನಿಲ್ಲಿಸಿದ್ದಕ್ಕೆ ಮೇಲಿನ ಪೈಪೂ ತುಂಬಿ ನನ್ನ ಪೈಥಾನ್ ನಿಂತಿತು. ‘ನೀ ತೆಗಿ’ ಅಂತ ಅದು, ‘ನೀ ತಗೋ’ ಅಂತ ಇದು.

ಸಾರ್ಟ್ ಜೊತೆ ಹೀಗಾಗುವುದು ಕಡಿಮೆ. ಅದು ಕೊನೆಯ ಸಾಲು ನೋಡುವ ತನಕ ಒಂದು ಸಾಲನ್ನೂ ಬಿಟ್ಟುಕೊಡುವುದಿಲ್ಲ. ಅಲ್ಲಿನ ಗೋಳು ಬೇರೆ: ಬರೆದು ಮುಗಿಸಿ ಒಳಬಾಗಿಲು ಕ್ಲೋಸ್ ಮಾಡದಿದ್ದರೆ ಇನ್ನೂ ಬರುತ್ತದೆ ಅಂತ ಕಾಯುತ್ತಲೇ ಇರುತ್ತದೆ.

ಎರಡಕ್ಕೂ ಮದ್ದು ಒಂದೇ. ರನ್‌ಗೇ ಇನ್‌ಪುಟ್ ಹೆಸರಿನಲ್ಲಿ ಪೂರ್ತಿ ಪಠ್ಯ ಕೊಟ್ಟು, ಕ್ಯಾಪ್ಚರ್ ಔಟ್‌ಪುಟ್ ಹೌದು (True) ಎನ್ನಿ. ಪೋಪೆನ್ನೇ ಬೇಕಿದ್ದರೆ ಅದರ ಕಮ್ಯೂನಿಕೇಟ್ ಬಳಸಿ. ಸುರಿಯುವುದು, ತೆಗೆಯುವುದು, ಬಾಗಿಲು ಮುಚ್ಚುವುದು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. 2ನೇ ಬಾಗಿಲನ್ನೂ ಜೊತೆಗೇ ಓದುತ್ತದೆ, ಅದೂ ತುಂಬಿ ಕಟ್ಟಿಕೊಳ್ಳಬಹುದು ಅನ್ನುವುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಟೈಮ್‌ಔಟ್ ಅಂತ 30 ಸೆಕೆಂಡ್ ಹಾಕಿಡಿ, ಆಗ ಮಿಣುಕುವ ಕರ್ಸರ್ ಬದಲು ಒಂದು ಎರರ್ ಆದರೂ ಸಿಗುತ್ತದೆ. ಎನ್‌ಕೋಡಿಂಗ್ ಯುಟಿಎಫ್-8 ಅಂತಲೂ ಬರೆಯಿರಿ. ವಿಂಡೋಸ್‌ನಲ್ಲಿ ಅದಿಲ್ಲದೆ ಕನ್ನಡ ಕಲಸುಮೇಲೋಗರ ಆಗುವುದೇ ಜಾಸ್ತಿ.

ಕಡೆಗೆ ರಿಟರ್ನ್ ಕೋಡ್, ಅಂದರೆ ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ. 0 ಅಂದರೆ ಕೆಲಸ ಸರಿಯಾಗಿದೆ. ಚೆಕ್ ಹೌದು ಅಂತ ಕೊಟ್ಟರೆ 0 ಅಲ್ಲದ್ದು ಬಂದ ಕೂಡಲೇ ಪೈಥಾನ್ ಎರರ್ ಎತ್ತುತ್ತದೆ. ಆದರೆ ಡಬ್ಬಿ ಸಾಲುಗಳನ್ನಷ್ಟೇ ಹೆಕ್ಕಲು ಗ್ರೆಪ್ ಎಂಬ ಹುಡುಕುವ ಕಮಾಂಡ್ ಕರೆಯುತ್ತೀರಾದರೆ ಹುಷಾರು. ಅದರಲ್ಲಿ 1 ಅಂದರೆ ‘ಹುಡುಕಿದ್ದು ಸಿಗಲಿಲ್ಲ’ ಎಂದಷ್ಟೇ, ನಿಜವಾದ ತಪ್ಪಿಗೆ 2. ಡಬ್ಬಿ ಲಾಟೇ ಬಾರದ ದಿನ ಮಾವನಿಂದ ಫೋನ್ ಬಂದಾಗಲೇ ನನಗಿದು ಗೊತ್ತಾಗಿದ್ದು.