ಸಭೆಯ ಸೇವೆಯಲ್ಲಿ ಎಐ: ಎಲ್ಲಿ ಬಳಸಬೇಕು, ಎಲ್ಲಿ ಕೈಬಿಡಬೇಕು

ಕ್ರೈಸ್ತ ಸಭೆಯಲ್ಲಿ (ಚರ್ಚ್‌ನಲ್ಲಿ) ಪ್ರಕಟಣೆ ಬರೆಯುವವರು, ಸಂಡೇ ಸ್ಕೂಲ್ ಪಾಠ ಸಿದ್ಧಪಡಿಸುವವರು, ಪ್ರಸಂಗಕ್ಕೆ (ಆರಾಧನೆಯ ಉಪದೇಶಕ್ಕೆ) ಟಿಪ್ಪಣಿ ಮಾಡಿಕೊಳ್ಳುವ ಸಭಾಪಾಲಕರು ಈಗಾಗಲೇ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಬಳಸುತ್ತಿದ್ದಾರೆ. ಹಾಗಾಗಿ ಬೇಕೋ ಬೇಡವೋ ಎಂಬ ಚರ್ಚೆಗಿಂತ, ಯಾವ ಕೆಲಸಕ್ಕೆ, ಯಾವ ಹಂತದಲ್ಲಿ, ಯಾರು ಪರಿಶೀಲಿಸಿದ ಮೇಲೆ ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಮುಖ್ಯ.

ಕೆಲಸಗಳನ್ನು ಮೊದಲು ಮೂರು ಗುಂಪು ಮಾಡಿ. ವೇಳಾಪಟ್ಟಿ, ಸಭೆ ಸೇರುವ ಪ್ರಕಟಣೆ, ಸ್ವಯಂಸೇವಕರ ಸರದಿ ಪಟ್ಟಿ, ಉದ್ದದ ವರದಿಯ ಸಾರಾಂಶ: ಇವನ್ನು ಧೈರ್ಯವಾಗಿ ಕೊಡಬಹುದು. ದಿನಾಂಕ ಮತ್ತು ಸಮಯವನ್ನು ಒಮ್ಮೆ ನೋಡಿದರೆ ಸಾಕು. ಪ್ರಸಂಗದ ಸಂಶೋಧನೆ, ಬೈಬಲ್ ಅಧ್ಯಯನದ ಪ್ರಶ್ನೆಗಳು, ಮಕ್ಕಳ ಪಾಠ, ಅನುವಾದ ಎರಡನೆಯ ಗುಂಪು. ಇವುಗಳಲ್ಲಿ ಸಾಲು ಸಾಲಾಗಿ ಪರಿಶೀಲನೆ ಬೇಕು. ಪಾಪನಿವೇದನೆ, ಆಪ್ತಸಲಹೆ, ಸಾವಿನ ಮನೆಯ ಮಾತು, ಸಭಾಶಿಸ್ತಿನ ನಿರ್ಧಾರ ಮೂರನೆಯದು. ಇವು ಯಂತ್ರದ ಹತ್ತಿರ ಹೋಗಬಾರದು.

ಪ್ರಸಂಗ: ವಾಕ್ಯ ಮೊದಲು, ಎಐ ಆಮೇಲೆ

ತಪ್ಪು ನಡೆಯುವುದು ಹೆಚ್ಚಾಗಿ ಕ್ರಮದಲ್ಲಿ. ವಾರದ ಮೊದಲ ದಿನವೇ "ಈ ಭಾಗದ ಮೇಲೆ ಮೂರು ಅಂಶಗಳ ಪ್ರಸಂಗ ಕೊಡು" ಎಂದು ಕೇಳಿದರೆ ಹತ್ತೇ ಸೆಕೆಂಡಿನಲ್ಲಿ ಚೊಕ್ಕವಾದ ರೂಪರೇಖೆ ಬರುತ್ತದೆ. ತೊಂದರೆ ಇರುವುದು ಅಲ್ಲೇ. ಮೊದಲು ಕಂಡ ರೂಪರೇಖೆ ಮನಸ್ಸಿನಲ್ಲಿ ಕೂತುಬಿಟ್ಟರೆ ಬೈಬಲಿನ ವಾಕ್ಯವನ್ನು ಬೇರೆ ರೀತಿಯಲ್ಲಿ ಓದುವುದೇ ಕಷ್ಟ. ಲಕ್ಷಾಂತರ ಬರಹಗಳ ಸರಾಸರಿಯಂತಿರುವ ಆ ಉತ್ತರಕ್ಕೆ ನಿಮ್ಮ ಸಭೆಯ ಮುಖಗಳು ಗೊತ್ತಿಲ್ಲ.

ಆದ್ದರಿಂದ ವಾಕ್ಯಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿ. ಕಂಡದ್ದನ್ನು, ಅರ್ಥವಾಗದ್ದನ್ನು ಕೈಯಲ್ಲೇ ಬರೆಯಿರಿ, ಕನಿಷ್ಠ ಹತ್ತು ಸಾಲು. ಪ್ರಸಂಗದ ಮುಖ್ಯ ವಿಚಾರವನ್ನು ಒಂದೇ ಸಾಲಿನಲ್ಲಿ ಹೇಳಿ. ಇಷ್ಟಾದ ಮೇಲೆ ಎಐಯನ್ನು ಬರೆಯಲು ಕೂರಿಸಬೇಡಿ, ನಿಮ್ಮನ್ನು ಪ್ರಶ್ನಿಸಲು ಕೂರಿಸಿ:

"ಲೂಕ 15:11–32ರ ಮೇಲೆ ನನ್ನ ಮುಖ್ಯ ವಿಚಾರ ಇದು: ಎಷ್ಟೇ ದೂರ ಹೋದವನಿಗೂ ತಂದೆಯ ಮನೆ ತೆರೆದಿದೆ. ಈ ಭಾಗದಲ್ಲಿ ನಾನು ಕಡೆಗಣಿಸಿದ ವಚನಗಳು ಯಾವುವು? ನನ್ನ ವಿಚಾರಕ್ಕೆ ಬರಬಹುದಾದ ಎರಡು ಆಕ್ಷೇಪಣೆ ಹೇಳು. ಪ್ರಸಂಗ ಬರೆಯಬೇಡ."

ಇಂಥ ಪ್ರಶ್ನೆಗೆ ಬರುವ ಒಳ್ಳೆಯ ಉತ್ತರ 25ನೆಯ ವಚನದಿಂದ ಮುಂದಿರುವ, ಮನೆಯಲ್ಲೇ ಉಳಿದಿದ್ದ ಹಿರಿಯ ಮಗನನ್ನು ನೆನಪಿಸುತ್ತದೆ, 15:2ರಲ್ಲಿ ಗುಣುಗುಟ್ಟುವ ಫರಿಸಾಯರತ್ತಲೂ ಬೊಟ್ಟು ಮಾಡುತ್ತದೆ. ಅಲ್ಲಿಂದ ಮುಂದಿನ ಕೆಲಸ ನಿಮ್ಮದು.

ವಚನಗಳನ್ನು ನಂಬಿ ಕೂರಬೇಡಿ

ಎಐ ಸಾಮಾನ್ಯವಾಗಿ ಬೈಬಲನ್ನು ತೆರೆದು ನೋಡಿ ಉತ್ತರ ಕೊಡುವುದಿಲ್ಲ. ಮುಂದೆ ಯಾವ ಪದ ಬರಬಹುದು ಎಂದು ಊಹಿಸುತ್ತಾ ಹೋಗುತ್ತದೆ. ಯೋಹಾನ 3:16ರಂಥ ಪ್ರಸಿದ್ಧ ವಚನ ಸರಿಯಾಗಿ ಬಂದೀತು. ಅಷ್ಟು ಪರಿಚಿತವಲ್ಲದ ವಚನದಲ್ಲಿ ಎರಡು ಅನುವಾದಗಳು ಬೆರೆಯುತ್ತವೆ, ಅಥವಾ ಯಾವ ಪ್ರತಿಯಲ್ಲೂ ಇಲ್ಲದ ಸಾಲು ಸತ್ಯವೇದದ ಧಾಟಿಯಲ್ಲೇ ಹುಟ್ಟಿಬಿಡುತ್ತದೆ. ಕನ್ನಡದಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅದು ಓದಿರುವ ಕನ್ನಡ ಪಠ್ಯವೇ ಕಡಿಮೆ.

ನಿಯಮ ಸರಳ: ಎಐ ಕೊಟ್ಟ ವಚನದ ಪಠ್ಯವನ್ನು ಎಂದೂ ನಕಲು ಮಾಡಬೇಡಿ. ಅಧ್ಯಾಯ ಮತ್ತು ವಚನ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡು, ನಿಮ್ಮ ಸಭೆ ಬಳಸುವ ಬೈಬಲಿನಲ್ಲಿ ತೆರೆದು, ಹಿಂದಿನ ಐದು ಮುಂದಿನ ಐದು ವಚನಗಳ ಜೊತೆ ಓದಿ. ಒಳ್ಳೆಯ ಭವಿಷ್ಯದ ವಾಗ್ದಾನವಿರುವ ಯೆರೆಮೀಯ 29:11ನ್ನು ಹೀಗೆ ಓದಿದರೆ, 10ನೆಯ ವಚನದಲ್ಲಿ ಬಾಬೆಲಿನ ಸೆರೆವಾಸದ ಎಪ್ಪತ್ತು ವರ್ಷಗಳ ಮಾತು ಎದುರಾಗುತ್ತದೆ. ಅದಾದ ಮೇಲೆ ಆ ವಾಗ್ದಾನವನ್ನು ನಾಳೆಯ ಸಂದರ್ಶನಕ್ಕೆ ಅಂಟಿಸಲು ಕೈ ಹಿಂಜರಿಯುತ್ತದೆ.

ಸಂಖ್ಯೆಯೂ ಕೆಲವೊಮ್ಮೆ ಜಾರುತ್ತದೆ. ಕೀರ್ತನೆ 51ರಲ್ಲಿ ಶುದ್ಧ ಹೃದಯಕ್ಕಾಗಿ ಬೇಡುವ ಸಾಲು ನಮ್ಮ ಬೈಬಲಿನಲ್ಲಿ 10ನೆಯ ವಚನ. ಹೀಬ್ರು ಪಠ್ಯದಲ್ಲಿ ತಲೆಬರಹವನ್ನೂ ಎರಡು ವಚನಗಳಾಗಿ ಎಣಿಸುವುದರಿಂದ ಅದು 12. ಎರಡು ಅಂಕಿಯ ವ್ಯತ್ಯಾಸ ಕಂಡ ತಕ್ಷಣ ಸುಳ್ಳು ಎನ್ನದೆ, ಇದನ್ನೂ ಒಮ್ಮೆ ನೋಡಿ.

ಇನ್ನೊಂದು ಬಲೆ ಹಿನ್ನೆಲೆ ಕಥೆಗಳದ್ದು. ಮತ್ತಾಯ 19:24ರ "ಸೂಜಿಯ ಕಣ್ಣು" ಯೆರೂಸಲೇಮಿನ ಒಂದು ಚಿಕ್ಕ ಬಾಗಿಲಿನ ಹೆಸರು ಎಂಬ ವಿವರಣೆ ಪ್ರಸಂಗಗಳಲ್ಲಿ ಓಡಾಡುತ್ತಲೇ ಇದೆ. ಅಂಥ ಬಾಗಿಲು ಆ ಕಾಲದಲ್ಲಿ ಇತ್ತು ಎಂಬುದಕ್ಕೆ ಆಧಾರವಿಲ್ಲ. ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟಿ ದೇವಾಲಯದ ಮಹಾಪವಿತ್ರಸ್ಥಾನದ ಒಳಗೆ ಕಳುಹಿಸುತ್ತಿದ್ದರು ಎಂಬುದೂ ಬೈಬಲಿನಲ್ಲಿ ಎಲ್ಲೂ ಇಲ್ಲ. ಸಾವಿರ ಪ್ರಸಂಗಗಳಲ್ಲಿ ಬಂದದ್ದನ್ನೇ ಎಐ ಓದಿರುತ್ತದೆ, ಆದ್ದರಿಂದ ಅದನ್ನೇ ವಿಶ್ವಾಸದಿಂದ ತಿರುಗಿ ಹೇಳುತ್ತದೆ. "ಇದಕ್ಕೆ ಅತ್ಯಂತ ಹಳೆಯ ಆಧಾರ ಯಾವುದು?" ಎಂದು ಕೇಳಿ, ಬಂದ ಉತ್ತರವನ್ನು ಒಂದು ವ್ಯಾಖ್ಯಾನ ಗ್ರಂಥದಲ್ಲಿ ನೋಡಿ. ಸಿಗದಿದ್ದರೆ ಆ ಕಥೆಯನ್ನು ಬಿಡಿ.

ಮಕ್ಕಳ ಪಾಠದಲ್ಲಿ ಇದೇ ರೋಗ ಚಿತ್ರದ ರೂಪದಲ್ಲಿ ಬರುತ್ತದೆ: ಮೂವರು ಜ್ಞಾನಿಗಳು ಗೋದಲಿಯ ಬಳಿ, ಹವ್ವಳ ಕೈಯಲ್ಲಿ ಸೇಬು, ಯೋನನನ್ನು ನುಂಗುವ ತಿಮಿಂಗಿಲ. ಮತ್ತಾಯ ಜ್ಞಾನಿಗಳ ಸಂಖ್ಯೆ ಹೇಳುವುದಿಲ್ಲ, ಅವರು ಬಂದದ್ದು ಮನೆಗೆ (2:11). ಆದಿಕಾಂಡದಲ್ಲಿ ಇರುವುದು ಹಣ್ಣು, ಯೋನನ ಪುಸ್ತಕದಲ್ಲಿ ಇರುವುದು ದೊಡ್ಡ ಮೀನು. ಪಾಠ ಕೇಳುವಾಗ ಮಕ್ಕಳ ವಯಸ್ಸು, ನಿಮಿಷ, ಪ್ರಶ್ನೆಗಳ ಸಂಖ್ಯೆ ಕೊಡಿ, ಜೊತೆಗೆ "ವಾಕ್ಯದಲ್ಲಿ ಇಲ್ಲದ ಸಂಭಾಷಣೆ ಸೇರಿಸಬೇಡ" ಎಂದು ಬರೆಯಿರಿ. ಆಮೇಲೂ ಬೈಬಲ್ ಪಕ್ಕದಲ್ಲಿಟ್ಟುಕೊಂಡೇ ತಿದ್ದಿ.

ಅನುವಾದ

ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಯಂತ್ರ ಎಡವುವ ಪದಗಳು ಮತ್ತೆ ಮತ್ತೆ ಅವೇ. ಸೇವೆ (ministry) ಎನ್ನಬೇಕಾದ ಕಡೆ "ಸಚಿವಾಲಯ", ಬಲಿಪೂಜೆಯ (Mass) ಜಾಗದಲ್ಲಿ "ದ್ರವ್ಯರಾಶಿ", ನೀತಿವಂತರೆಂಬ ನಿರ್ಣಯಕ್ಕೆ (justification) "ಸಮರ್ಥನೆ". ನಿಮ್ಮ ಸಭೆಯಲ್ಲಿ ರೂಢಿಯಲ್ಲಿರುವ ಮೂವತ್ತು ನಲವತ್ತು ಪದಗಳ ಪಟ್ಟಿ ಮಾಡಿ, ಪ್ರತಿ ಸಲ ಅನುವಾದ ಕೇಳುವ ಮೊದಲು ಅದನ್ನು ಅಂಟಿಸಿ. ಆಮೇಲೆ ಕನ್ನಡ ಚೆನ್ನಾಗಿ ಬಲ್ಲ ಒಬ್ಬ ಹಿರಿಯರಿಗೆ ಮೂಲ ತೋರಿಸದೆ ಓದಲು ಕೊಡಿ. ಅವರು ಎಲ್ಲಿ ತಡವರಿಸಿ ನಿಲ್ಲುತ್ತಾರೋ ಅಲ್ಲಿ ಅನುವಾದ ತಿದ್ದಬೇಕು.

ಜನರ ಗುಟ್ಟು

ಪ್ರಾರ್ಥನಾ ಕೋರಿಕೆಗಳ ಪಟ್ಟಿಯನ್ನು ಹಾಗೇ ಅಂಟಿಸಿ "ಚೆಂದವಾಗಿ ಬರೆದುಕೊಡು" ಎನ್ನುವುದು ಎಲ್ಲಕ್ಕಿಂತ ಸುಲಭವಾಗಿ ಆಗುವ ದ್ರೋಹ. ಒಬ್ಬ ತಾಯಿ ನಿಮ್ಮನ್ನು ನಂಬಿ ಹೇಳಿದ ಮಗನ ಕುಡಿತ, ಅವಳ ಒಪ್ಪಿಗೆಯಿಲ್ಲದೆ ಯಾವುದೋ ಕಂಪನಿಯ ಸರ್ವರ್ ಸೇರುತ್ತದೆ. ಅನೇಕ ಉಚಿತ ಸೇವೆಗಳು ಮಾತುಕತೆಯನ್ನು ಎಐಯ ಮುಂದಿನ ತರಬೇತಿಗೆ ಬಳಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಇದ್ದರೆ ಆಫ್ ಮಾಡಿ, ಆದರೂ ಗುಟ್ಟನ್ನು ಹಾಕಬೇಡಿ. ಹೆಸರು ತೆಗೆದರಷ್ಟೇ ಸಾಲದು: "ನಮ್ಮ ಗಾಯನತಂಡದ ವಿಧವೆ, ಎರಡು ಮಕ್ಕಳು, ಹೋದ ತಿಂಗಳು ಕೆಲಸ ಹೋಯಿತು" ಎಂದರೆ ಚಿಕ್ಕ ಸಭೆಯಲ್ಲಿ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. "ಕೆಲಸ ಕಳೆದುಕೊಂಡವರಿಗಾಗಿ ಸಭೆಯ ಪ್ರಾರ್ಥನೆ" ಎಂದಷ್ಟೇ ಕೇಳಿ.

ಆಪ್ತಸಲಹೆಗೆ ಚಾಟ್‌ಬಾಟ್ ಇಡಬೇಡಿ. ಬಳಸುವವರು ಏನು ಹೇಳಿದರೂ ಹೌದೆನ್ನುವ ಕಡೆಗೆ ಅದು ವಾಲುತ್ತದೆ. ಆತ್ಮಹತ್ಯೆಯ ಯೋಚನೆ, ಮನೆಯೊಳಗಿನ ಹಿಂಸೆ ಇರುವಲ್ಲಿ ಕೂಡಲೇ ಒಬ್ಬ ಮನುಷ್ಯ ಮತ್ತು ತಜ್ಞರ ನೆರವು ಬೇಕು. 2024ರ ಏಪ್ರಿಲ್‌ನಲ್ಲಿ ಒಂದು ಕ್ಯಾಥೋಲಿಕ್ ಸಂಸ್ಥೆ ಗುರುವಿನ (ಪಾದ್ರಿಯ) ವೇಷದ ಎಐ ಪಾತ್ರವನ್ನು ಬಳಕೆಗೆ ಬಿಟ್ಟಿತು. ಅದು ತಾನು ನಿಜವಾದ ಗುರು ಎಂದು ಹೇಳಿಕೊಂಡಿತು, ಪಾಪಕ್ಷಮೆಯ ಮಾತನ್ನೂ ಆಡಿತು. ಸಂಸ್ಥೆ ಕೆಲವೇ ದಿನಗಳಲ್ಲಿ ಗುರುಪಟ್ಟವನ್ನೂ ವೇಷವನ್ನೂ ತೆಗೆಯಬೇಕಾಯಿತು. ಸಭೆಯ ವೆಬ್‌ಸೈಟಿನಲ್ಲಿ ಬಾಟ್ ಇಡಲೇಬೇಕಿದ್ದರೆ ಆರಾಧನೆಯ ಸಮಯ, ವಿಳಾಸದಂಥ ಪ್ರಶ್ನೆಗಳಿಗೆ ಮಿತಿಗೊಳಿಸಿ. ಮೊದಲ ಸಾಲಿನಲ್ಲೇ "ನಾನು ಯಂತ್ರ" ಎಂದು ಇರಲಿ.

ಸಭಾಪಾಲಕರ ದನಿಯ ನಕಲಿ

ಯೂಟ್ಯೂಬಿನಲ್ಲಿರುವ ಪ್ರಸಂಗವೊಂದೇ ಸಾಕು, ಸಭಾಪಾಲಕರ ದನಿಯನ್ನು ನಕಲು ಮಾಡಿ "ತುರ್ತಾಗಿ ಹಣ ಬೇಕು" ಎಂದು ವಿಶ್ವಾಸಿಗಳಿಗೆ ಕರೆ ಮಾಡಬಹುದು. ಸಭೆಯಲ್ಲಿ ಈಗಲೇ ಪ್ರಕಟಿಸಿ: ಸಭಾಪಾಲಕರು ಫೋನಿನಲ್ಲಿ, ಸಂದೇಶದಲ್ಲಿ ಹಣ ಕೇಳುವುದಿಲ್ಲ. ಅಂಥ ಕರೆ ಬಂದರೆ ಇಟ್ಟುಬಿಟ್ಟು, ನಿಮ್ಮ ಬಳಿ ಮೊದಲೇ ಇರುವ ಸಂಖ್ಯೆಗೆ ತಿರುಗಿ ಕರೆ ಮಾಡಿ.

ಇಷ್ಟನ್ನೂ ಒಂದೇ ಪುಟದಲ್ಲಿ ಬರೆದು ಹಿರಿಯರ ಮಂಡಳಿಯಲ್ಲಿ ಒಪ್ಪಿಗೆ ಪಡೆಯಿರಿ: ಯಾವ ಕೆಲಸಕ್ಕೆ ಎಐ, ಏನನ್ನು ಹಾಕಬಾರದು, ಪ್ರಕಟವಾಗುವ ಮೊದಲು ಓದುವವರು ಯಾರು. ಪ್ರಸಂಗದ ಸಿದ್ಧತೆಗೆ ಎಷ್ಟು ಬಳಸುತ್ತೀರಿ ಎಂಬುದನ್ನೂ ಸಭೆಗೆ ತಿಳಿಸಿ. ಉಪಕರಣಗಳು ಬೇಗ ಬದಲಾಗುವುದರಿಂದ ಆ ಪುಟವನ್ನು ಆರು ತಿಂಗಳಿಗೊಮ್ಮೆ ತೆಗೆದು ತಿದ್ದಬೇಕು.